ಕೆಸರಲ್ಲಿ ಗೆದ್ದದ್ದು, ಹೊಗೆಯಲ್ಲಿ ಮುಳುಗಿದ್ದು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಅರವತ್ತರ ಆಸುಪಾಸಿನ ನಾಲ್ಕು ಜನ ಸೇರಿದ ಕಡೆ 'ಜಾವ' ಬೈಕಿನ ಹೆಸರು ಉಸುರಿದರೆ ಸಾಕು, ಉಳಿದ ಮಾತೆಲ್ಲ ಪಕ್ಕಕ್ಕೆ ಸರಿಯುತ್ತದೆ. ಯಾರ ಮನೆಯಲ್ಲಿ ಯಾವ ಬಣ್ಣದ ಗಾಡಿಯಿತ್ತು, ಯಾವ ಮೆಕ್ಯಾನಿಕ್ ಕೈಯಿಟ್ಟರೆ ಒಂದೇ ಕಿಕ್ಕಿಗೆ ಎದ್ದು ಕೂರುತ್ತಿತ್ತು, ಯಾರು ಯಾವ ತಿರುವಿನಲ್ಲಿ ಪಿಸ್ಟನ್ ಸೀಜ್ ಆಗಿ ನಾಲೆಗೆ ಇಳಿದರು ಎಂಬೆಲ್ಲ ಪುರಾಣ ಬಿಚ್ಚಿಕೊಳ್ಳುತ್ತದೆ. ಕಬ್ಬಿನ ಗದ್ದೆಯ ಏರಿಯ ಮೇಲೆ ಓಡಾಡಿಕೊಂಡಿದ್ದ ಈ ಗಾಡಿಯ ಬೇರು ಯುರೋಪಿನ ಕೆಸರು ಗುಡ್ಡಗಳಲ್ಲಿ ನಡೆಯುತ್ತಿದ್ದ ಮೋಟೊಕ್ರಾಸ್ ಪಂದ್ಯಗಳವರೆಗೆ ಚಾಚಿದೆ ಎಂಬ ಸಂಗತಿ ಮಾತ್ರ ಆ ಪುರಾಣದಲ್ಲಿ ಅಪರೂಪಕ್ಕೆ ಬರುತ್ತದೆ. ಆ ಪಂದ್ಯದ ದೊಡ್ಡ ಟೂ ಸ್ಟ್ರೋಕ್ ಯಂತ್ರಗಳು ಮತ್ತು ನಮ್ಮ ಮೈಸೂರಿನ ಗಾಡಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಬಗೆಯ ಕಾರಣಗಳಿಗೆ ನೆಲ ಕಚ್ಚಿದವು.

ಮೋಟೊಕ್ರಾಸ್ ಎಂದರೆ ಡಾಂಬರಿಲ್ಲದ ಓಟ. ಗುಡ್ಡ, ಹಳ್ಳ, ಮರಳು, ಜೌಗು ಎಲ್ಲದರ ಮೇಲೂ ಮೂವತ್ತು ನಲವತ್ತು ಜನ ಒಟ್ಟಿಗೆ ನುಗ್ಗುವ ಆಟ. 500 ಸಿಸಿ ವಿಭಾಗಕ್ಕೆ ವಿಶ್ವ ಚಾಂಪಿಯನ್ ಪಟ್ಟ ಶುರುವಾದದ್ದು 1957ರಲ್ಲಿ. ಆಗ ಅಲ್ಲಿ ಫೋರ್ ಸ್ಟ್ರೋಕ್ ಯಂತ್ರಗಳದ್ದೇ ದರ್ಬಾರು. ಇಂಗ್ಲೆಂಡಿನ ಬಿಎಸ್ಎ ಕಂಪನಿಯ ಗಾಡಿ ಏರಿ ಜೆಫ್ ಸ್ಮಿತ್ 1964 ಮತ್ತು 1965ರಲ್ಲಿ ಗೆದ್ದರು. ಟೂ ಸ್ಟ್ರೋಕ್ ಎಂದರೆ ಬಡವರ ಸವಾರಿ, ಹೊಗೆ ಉಗುಳುವ ಅಗ್ಗದ ಎಂಜಿನ್ ಎಂಬ ಸಸಾರ ಎಲ್ಲರಿಗೂ ಇತ್ತು.

ಸಸಾರ ಮಾಡಿದವರ ಬಾಯಿ ಮುಚ್ಚಿಸಿದ್ದು ಚೆಕೊಸ್ಲೊವಾಕಿಯಾ. ಅಲ್ಲಿನ ಸ್ಟ್ರಾಕೊನಿತ್ಸೆ ಎಂಬ ಊರಿನ ಸಿಝೆಡ್ ಕಾರ್ಖಾನೆ ಮೊದಲು ಬಂದೂಕು ಮಾಡುತ್ತಿದ್ದದ್ದು, ಆಮೇಲೆ ಬೈಕಿಗೆ ತಿರುಗಿದ್ದು. ಯುದ್ಧಾನಂತರ ಎಲ್ಲವೂ ಸರ್ಕಾರದ ವಶವಾದಾಗ ಅದೇ ದೇಶದ ಇನ್ನೊಂದು ಬೈಕ್ ಕಂಪನಿ ಜಾವಾ ಮತ್ತು ಸಿಝೆಡ್ ಒಂದೇ ಮನೆಯ ದಾಯಾದಿಗಳಾದವು. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರೋಬರ್ ಎಂಬ ಇಪ್ಪತ್ತರ ಹುಡುಗ ಸಿಝೆಡ್ ಏರಿ 250 ಸಿಸಿ ವಿಭಾಗದ ವಿಶ್ವ ಪಟ್ಟ ಗೆದ್ದ. ಅದಾಗಿ ಎರಡೇ ವರ್ಷಕ್ಕೆ, 1966ರಲ್ಲಿ, ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ಅದೇ ಕಂಪನಿಯ 360 ಸಿಸಿ ಗಾಡಿಯಲ್ಲಿ 500 ಸಿಸಿ ಪಟ್ಟವನ್ನೇ ಕಿತ್ತುಕೊಂಡರು. ದೊಡ್ಡ ವಿಭಾಗವನ್ನು ಟೂ ಸ್ಟ್ರೋಕ್ ಗೆದ್ದದ್ದು ಅದೇ ಮೊದಲು. 1967, 1968ರಲ್ಲೂ ಅವರದ್ದೇ ಗೆಲುವು. ಅಲ್ಲಿಂದ 1992ರವರೆಗೆ ಆ ಪಟ್ಟ ಒಂದು ವರ್ಷವೂ ಫೋರ್ ಸ್ಟ್ರೋಕಿಗೆ ದಕ್ಕಲಿಲ್ಲ.

ಗೆಲುವಿನ ಗುಟ್ಟು ಸರಳ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಒಂದು ಸಲ ಕಿಡಿ ಹೊತ್ತಿ ಬಲ ಹುಟ್ಟುತ್ತದೆ. ಟೂ ಸ್ಟ್ರೋಕ್‌ನಲ್ಲಿ ಸುತ್ತಿಗೊಮ್ಮೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟ್ಯಾಪೆಟ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ ತಾನೇ ಮುಚ್ಚುತ್ತ ತೆರೆಯುತ್ತ ಕೆಲಸ ಮುಗಿಸುತ್ತದೆ. ಹಾಗಾಗಿ ಗಾಡಿ ಹಗುರ, ಬಿಚ್ಚಿ ಜೋಡಿಸಲು ಸುಲಭ. ಕುಂದು ಇರುವುದೂ ಅಲ್ಲೇ. ಹೊಸ ಪೆಟ್ರೋಲ್ ಒಳಕ್ಕೆ ನುಗ್ಗುವ ಕಿಂಡಿ ಮತ್ತು ಸುಟ್ಟ ಹೊಗೆ ಹೊರಟುಹೋಗುವ ಕಿಂಡಿ ಎರಡೂ ಒಂದಷ್ಟು ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಒಳಗೆ ಬಂದ ಪೆಟ್ರೋಲಿನ ಒಂದು ಪಾಲು ಸುಡದೆಯೇ ಸೈಲೆನ್ಸರಿನ ದಾರಿ ಹಿಡಿಯುತ್ತದೆ. ಜೊತೆಗೆ ಎಂಜಿನ್ ಸವೆಯದಿರಲೆಂದು ಪೆಟ್ರೋಲಿಗೇ ಬೆರೆಸಿದ ಆಯಿಲ್ಲೂ ಉರಿದು ನೀಲಿ ಹೊಗೆಯಾಗುತ್ತದೆ.

ತಪ್ಪಿಸಿಕೊಂಡು ಹೋಗುವ ಪೆಟ್ರೋಲನ್ನು ಅಡ್ಡಗಟ್ಟುವ ಉಪಾಯವನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಝೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಸೈಲೆನ್ಸರ್ ಕೊಳವೆಯ ನಡುಭಾಗವನ್ನು ಲೆಕ್ಕಾಚಾರದಿಂದ ಉಬ್ಬಿಸಿ ಮತ್ತೆ ಕಿರಿದು ಮಾಡಿದರೆ, ಹೊರಹೋದ ಒತ್ತಡದ ಅಲೆ ಹಿಂದಿರುಗಿ ಬಂದು ಪೆಟ್ರೋಲನ್ನು ಸಿಲಿಂಡರಿನೊಳಕ್ಕೇ ತಳ್ಳುತ್ತದೆ. ಇದೇ ಎಕ್ಸ್‌ಪ್ಯಾನ್ಷನ್ ಚೇಂಬರ್. 1961ರಲ್ಲಿ ಎಂಝೆಡ್‌ನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ವೇಳೆ ಪಶ್ಚಿಮಕ್ಕೆ ಪರಾರಿಯಾಗಿ, ಈ ವಿದ್ಯೆಯನ್ನೆಲ್ಲ ಜಪಾನಿನ ಸುಜುಕಿಯ ಕೈಗಿಟ್ಟ. ಮರುವರ್ಷವೇ ಸುಜುಕಿ 50 ಸಿಸಿ ವಿಶ್ವ ಪಟ್ಟ ಗೆದ್ದಿತು. ಶೀತಲ ಸಮರದ ಕಳ್ಳತನಗಳಲ್ಲಿ ಇಷ್ಟು ದೂರ ಹಬ್ಬಿದ್ದು ಇನ್ನೊಂದಿದ್ದಂತಿಲ್ಲ. ಬೆಂಗಳೂರಿನ ಕಲಾಸಿಪಾಳ್ಯದ ಗಲ್ಲಿಯಿಂದ ಮಳವಳ್ಳಿಯ ವೆಲ್ಡಿಂಗ್ ಅಂಗಡಿಯವರೆಗೆ ಯಮಹಾ ಆರ್‌ಎಕ್ಸ್ 100ಕ್ಕೆ ಹೊಟ್ಟೆ ಉಬ್ಬಿದ ಕೊಳವೆ ಬೆಸೆದುಕೊಟ್ಟವರೆಲ್ಲ, ಹೆಸರು ಕೇಳಿರದಿದ್ದರೂ, ಕಾಡೆನ್ನನ ಶಿಷ್ಯರೇ.

ಅದೇ 1961 ಮೈಸೂರಿಗೂ ಮುಖ್ಯವಾದ ವರ್ಷ. ಮುಂಬೈಯಲ್ಲಿ ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬಕ್ಕೆ ಆಮದು ನಿರ್ಬಂಧ ಬಿಗಿಯಾದಾಗ ಉಳಿದ ದಾರಿ ಇಲ್ಲೇ ತಯಾರಿಸುವುದು. ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಆಗ ರಾಜ್ಯಪಾಲರೂ ಆಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. ದೇಶದಲ್ಲಿ ಆ ಹೊತ್ತಿಗೆ ಮದರಾಸಿನ ಎನ್‌ಫೀಲ್ಡ್ ಬುಲೆಟ್ ಇತ್ತು. ಮರುವರ್ಷ ಫರಿದಾಬಾದಿನಿಂದ ಪೋಲೆಂಡ್ ಮೂಲದ 175 ಸಿಸಿ ರಾಜ್‌ದೂತ್ ಬಂತು. ಲೈಸೆನ್ಸ್ ರಾಜ್ಯದಲ್ಲಿ ಮೋಟಾರ್ ಸೈಕಲ್ ಎಂದರೆ ಈ ಮೂರೇ ಹೆಸರು ಎಂಬಂತೆ ಎರಡು ದಶಕ ಕಳೆಯಿತು.

ಜಾವಾ ಹೆಸರಿನ ಪರವಾನಗಿಯ ಅವಧಿ ಮುಗಿದ ಮೇಲೆ, 1973ರಿಂದ, ಅದೇ ಗಾಡಿ ಯೆಜ್ಡಿ ಆಯಿತು. ಟ್ಯಾಂಕಿನ ಮೇಲೆ ಯೆಜ್ಡಿ ಎಂದಿದ್ದರೂ ಜನರ ಬಾಯಲ್ಲಿ ಅದು ಜಾವವೇ. ಯಾದವಗಿರಿಯಲ್ಲಿ 60 ಸಿಸಿಯ ಪುಟ್ಟ ಗಾಡಿಯೂ ತಯಾರಾಯಿತು, 175 ಸಿಸಿಯದೂ, ಜೋಡಿ ಸಿಲಿಂಡರಿನ 350 ಸಿಸಿಯದೂ. ಊರೂರಿನ ದಾರಿ ತುಂಬಿದ್ದು ಮಾತ್ರ 250. ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೊತ್ತಿಲ್ಲದವನು ಗಾಡಿ ಕದ್ದರೆ ಕಿಕ್ಕರ್ ಹುಡುಕುತ್ತ ಅಲ್ಲೇ ನಿಂತಿರುತ್ತಾನೆ ಎಂಬ ತಮಾಷೆ ಅದರ ಮಾಲೀಕರ ವಲಯದಲ್ಲಿ ಈಗಲೂ ಚಲಾವಣೆಯಲ್ಲಿದೆ.

1978ರಲ್ಲಿ ಹೊರಬಂದ ರೋಡ್‌ಕಿಂಗ್‌ನಲ್ಲಿ ಯುರೋಪಿನ ಕೆಸರು ನೇರವಾಗಿ ಮೈಸೂರಿಗೆ ಬಂತು. ವಿಶ್ವ ಪಟ್ಟ ಗೆದ್ದ ಮನೆತನದ, 1974ರ ಸಿಝೆಡ್ 250 ಮೋಟೊಕ್ರಾಸ್ ಮಾದರಿಯನ್ನು ಆಧರಿಸಿ ಅದನ್ನು ರೂಪಿಸಲಾಗಿತ್ತು. 248.5 ಸಿಸಿ, 16 ಅಶ್ವಶಕ್ತಿ. ಇವತ್ತಿನ ಹುಡುಗರು ನಕ್ಕುಬಿಡುವ ಅಂಕಿ. ಆ ಬಲವೆಲ್ಲ ಎಂಜಿನ್ ಐದು ಸಾವಿರ ಸುತ್ತು ಮುಟ್ಟುವ ಮೊದಲೇ, ಕೆಳಗಿನ ವೇಗದಲ್ಲೇ ಕೈಗೆ ಸಿಗುತ್ತಿತ್ತು ಎಂಬುದು ಮುಖ್ಯ. ಕೆಸರಿನಲ್ಲಿ ಹಿಂದಿನ ಚಕ್ರ ಹೂತಾಗ ಬೇಕಾಗುವುದು ಇಂಥ ಬಲವೇ ಹೊರತು ಹೆದ್ದಾರಿಯಲ್ಲಿ ಹಾರುವ ವೇಗವಲ್ಲ.

ಮಂಡ್ಯ ಜಿಲ್ಲೆಗೆ ಇದು ಹೇಳಿ ಮಾಡಿಸಿದ ಗಾಡಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಕಬ್ಬು, ಭತ್ತ ಬೆಳೆದ ಮೇಲೆ, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ, ಇಲ್ಲಿನ ರೈತನ ಕೈಯಲ್ಲಿ ಅಷ್ಟಿಷ್ಟು ಕಾಸು ಓಡಾಡುತ್ತಿತ್ತು. ಆದರೆ ಕಾಸು ಬಂದ ವೇಗದಲ್ಲಿ ದಾರಿ ಬರಲಿಲ್ಲ. ನಾಲೆ ಏರಿಯ ಜೇಡಿಮಣ್ಣು ಮಳೆಗಾಲದಲ್ಲಿ ಚಕ್ರ ನುಂಗುತ್ತಿತ್ತು. ಕಬ್ಬಿನ ಗಾಡಿಗಳು ಕೊರೆದ ಹಳಿಗಳು ಬೇಸಿಗೆಯಲ್ಲಿ ಕಲ್ಲಾಗುತ್ತಿದ್ದವು. ಮೈಸೂರಿನಿಂದ ಬನ್ನೂರು, ಕಿರುಗಾವಲು ಹಾದು ಮಳವಳ್ಳಿಗೆ, ಮಳವಳ್ಳಿಯಿಂದ ಮದ್ದೂರಿಗೆ, ಹಲಗೂರಿನಿಂದ ಮುತ್ತತ್ತಿಯ ಕಾಡಿನ ಇಳಿಜಾರಿಗೆ ಹೋಗುವ ದಾರಿಗಳನ್ನು ಹಳಬರು ಬಣ್ಣಿಸುವುದನ್ನು ಕೇಳಿದರೆ ಮೋಟೊಕ್ರಾಸ್ ಟ್ರ್ಯಾಕಿಗೂ ಅದಕ್ಕೂ ಇದ್ದ ವ್ಯತ್ಯಾಸ ಟಿಕೆಟ್ ಒಂದೇ ಅನ್ನಿಸುತ್ತದೆ. ಹಾಲಿನ ಕ್ಯಾನು, ಬೆಲ್ಲದ ಮೂಟೆ, ರಾಮನಗರದ ಮಾರುಕಟ್ಟೆಗೆ ಹೊರಟ ರೇಷ್ಮೆಗೂಡು, ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಮಗು. ಇಷ್ಟನ್ನೂ ಹೊತ್ತು ಗಾಡಿ ಏರು ಹತ್ತುತ್ತಿತ್ತು.

ಕೆಟ್ಟರೆ ರಿಪೇರಿಗೆ ಪಟ್ಟಣದ ಶೋರೂಮ್ ಬೇಕಿರಲಿಲ್ಲ. ಪ್ಲಗ್ ಬಿಚ್ಚಿ ಮಸಿ ಒರೆಸು, ಪಾಯಿಂಟ್ ಉಜ್ಜಿ ಸೆಟ್ ಮಾಡು, ಆರು ತಿಂಗಳಿಗೊಮ್ಮೆ ಸೈಲೆನ್ಸರ್ ಕಳಚಿ ಒಳಗಿನ ಕರಿ ಸುಡು. ಸಿಲಿಂಡರ್ ಸವೆದರೆ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಕೂರಿಸು. ಬಂಕಿನಲ್ಲಿ ಪೆಟ್ರೋಲಿನ ಜೊತೆ ಅಳತೆಯ ಆಯಿಲ್ ಸುರಿಸಿಕೊಳ್ಳುವುದನ್ನು ಮರೆತವನು ಮಾತ್ರ ನಡು ದಾರಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದ. ಆ ಮರೆವಿಗೆ ಮದ್ದಾಗಿ ಕಂಪನಿ ಆಯಿಲ್ ಪಂಪ್ ಇರುವ 'ಆಯಿಲ್‌ಕಿಂಗ್' ಎಂಬ ಮಾದರಿಯನ್ನೂ ಬಿಟ್ಟಿತು. ಮೆಕ್ಯಾನಿಕ್‌ಗಳು ಅದನ್ನು ಅಷ್ಟಾಗಿ ನಂಬಲಿಲ್ಲ. ಕೈಯಾರೆ ಬೆರೆಸಿದ್ದೇ ಸರಿ ಎಂಬುದು ಅವರ ಶಾಸ್ತ್ರ.

ರೇಸು ಇಲ್ಲದೆ ಇಂಥ ಗಾಡಿಯ ಕಥೆ ಪೂರ್ತಿಯಾಗುವುದಿಲ್ಲ. ದಕ್ಷಿಣ ಭಾರತದ ರೇಸಿನ ಕಾಶಿ ಮದರಾಸಿನ ಬಳಿಯ ಶೋಲವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯೇ ಅಲ್ಲಿನ ಟ್ರ್ಯಾಕ್. ಮೈಸೂರು, ಬೆಂಗಳೂರಿನ ಹುಡುಗರು ಯೆಜ್ಡಿ ಎಂಜಿನ್ನಿನ ಕಿಂಡಿಗಳನ್ನು ಅರದಿಂದ ಉಜ್ಜಿ ಹಿಗ್ಗಿಸಿ, ಹೆಡ್ ಕೆತ್ತಿಸಿ, ಕೊಳವೆ ಬದಲಿಸಿ ಅಲ್ಲಿಗೆ ಹೋಗುತ್ತಿದ್ದರು. ಮಣ್ಣಿನ ಓಟಗಳಲ್ಲೂ ರೋಡ್‌ಕಿಂಗ್ ಹಲವು ಸಲ ಗೆದ್ದಿತು. ಮೈಸೂರಿನ ಸೋಮೇಂದರ್ ಸಿಂಗ್ ಈ ಗ್ಯಾರೇಜು ವಿದ್ಯೆಯಿಂದಲೇ ಬೆಳೆದವರು. ಎಂಜಿನ್ ಹೆಡ್ಡಿನೊಳಗೆ ಸಣ್ಣ ತೋಡುಗಳನ್ನು ಕೊರೆದು ಪೆಟ್ರೋಲ್ ಚೆನ್ನಾಗಿ ಕಲಸಿ ಉರಿಯುವಂತೆ ಮಾಡುವ ತಮ್ಮ ವಿಧಾನಕ್ಕೆ ಅವರು 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ದೊಡ್ಡ ಕಂಪನಿಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ ಎಂಬುದು ಬೇರೆ ಮಾತು.

1983ರಲ್ಲಿ ಯೆಜ್ಡಿಗೆ ಮೊದಲ ಬಾರಿಗೆ ನಿಜವಾದ ಎದುರಾಳಿ ಹುಟ್ಟಿತು. ಯಮಹಾದ ಆರ್‌ಡಿ 350 ಗಾಡಿಯನ್ನು ಎಸ್ಕಾರ್ಟ್ಸ್ ಕಂಪನಿ ರಾಜ್‌ದೂತ್ 350 ಎಂದು ಇಲ್ಲಿ ತಯಾರಿಸಿತು. ಜೋಡಿ ಸಿಲಿಂಡರು, 347 ಸಿಸಿ, 30 ಅಶ್ವಶಕ್ತಿ. ರೋಡ್‌ಕಿಂಗಿನ ಹೆಚ್ಚುಕಡಿಮೆ ಎರಡರಷ್ಟು! ಭಾರತದ ರಸ್ತೆ ಅಂಥದ್ದನ್ನು ಕಂಡಿರಲೇ ಇಲ್ಲ. ಪೆಟ್ರೋಲನ್ನು ಅದು ಕುಡಿಯುವ ಪರಿ ನೋಡಿ ಗ್ರಾಹಕರೂ ಹೆದರಿದರು. ಶಕ್ತಿ ತಗ್ಗಿಸಿದ ಎರಡನೇ ಮಾದರಿ ಬಿಟ್ಟರೂ ಹೆಚ್ಚಿನ ಫಲ ಸಿಗಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ತಯಾರಿಕೆ ನಿಂತಿತು. ಅದು ಬದುಕಿದ್ದಾಗ ಕೊಳ್ಳದವರು ಈಗ ಅದಕ್ಕೆ ಲಕ್ಷಗಟ್ಟಲೆ ಕೊಡಲು ತಯಾರಿದ್ದಾರೆ.

ಅತ್ತ ಯುರೋಪಿನಲ್ಲಿ ಇದೇ ಕಾಲ ದೊಡ್ಡ ಟೂ ಸ್ಟ್ರೋಕಿನ ಸುಗ್ಗಿ. ಜಪಾನಿನವರು ಮೊದಲು ಮಾಡಿದ್ದು ಸಿಝೆಡ್ ಕಂಪನಿಯ ಸವಾರರನ್ನು ಎತ್ತಿಕೊಂಡದ್ದು. ಜೋಯೆಲ್ ರೋಬರ್ ಸುಜುಕಿಗೆ ಹೋಗಿ 1970ರಿಂದ ಸತತ ಮೂರು ವರ್ಷ ಗೆದ್ದರೆ, ಸಿಝೆಡ್‌ನಲ್ಲೇ ಪಳಗಿದ ರೋಜರ್ ಡಿ ಕೋಸ್ಟರ್ ಅದೇ ಸುಜುಕಿಗೆ ಐದು ಬಾರಿ 500 ಸಿಸಿ ಪಟ್ಟ ತಂದುಕೊಟ್ಟರು. ಆಮೇಲೆ ಹೊಂಡಾದ ಸರದಿ. ಹೊಂಡಾ ಸಿಆರ್ 500 ಎಂಬುದು 491 ಸಿಸಿಯ ಒಂದೇ ಸಿಲಿಂಡರಿನ ಗಾಡಿ. ತೂಕ ನೂರು ಕಿಲೋ ಆಸುಪಾಸು, ಬಲ ಅರವತ್ತು ಅಶ್ವಶಕ್ತಿಯ ಹತ್ತಿರ. ನಮ್ಮ ರೋಡ್‌ಕಿಂಗಿಗಿಂತ ಹಗುರ, ಶಕ್ತಿ ಅದರ ಸುಮಾರು ನಾಲ್ಕರಷ್ಟು. ಥ್ರಾಟಲ್ ಸ್ವಲ್ಪ ಹೆಚ್ಚು ತಿರುಗಿಸಿದರೆ ಮುಂದಿನ ಚಕ್ರ ಮುಗಿಲು ನೋಡುತ್ತಿತ್ತು. 1984ರಿಂದ 1992ರವರೆಗೆ ಒಂಬತ್ತು ವರ್ಷವೂ 500 ಸಿಸಿ ಪಟ್ಟ ಹೊಂಡಾ ಸವಾರರದ್ದೇ: ಮಾಲೆರ್ಬ್, ಥೋರ್ಪ್, ಜೋಬೆ, ಗೇಬರ್ಸ್. ಇವರಲ್ಲಿ ಎರಿಕ್ ಗೇಬರ್ಸ್ 125, 250, 500 ಮೂರೂ ವಿಭಾಗ ಗೆದ್ದು, ಮೂರನ್ನೂ ಕೂಡಿಸಿದ 'ಮಿಸ್ಟರ್ 875' ಎಂಬ ಅಡ್ಡಹೆಸರು ಗಳಿಸಿದರು.

ಇಷ್ಟು ಬಲವಿದ್ದ ವಿಭಾಗ ಕುಸಿದದ್ದು ಯಾಕೆ? ಪರಿಸರ ಕಾನೂನು ಕೊಂದಿತು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಇದು ಅರ್ಧ ನಿಜ. ಇನ್ನರ್ಧ, ತಯಾರಿಸಿದವರೇ ಅದರ ಕೈ ಬಿಟ್ಟದ್ದು. ಬೇರೆಯವರು ನೀರಿನಿಂದ ತಂಪಾಗುವ ಎಂಜಿನ್ ತಂದು ವರ್ಷಗಳಾದರೂ ಯಮಹಾ ತನ್ನ 490 ಸಿಸಿ ಗಾಡಿಯನ್ನು ಕೊನೆಯವರೆಗೂ ಗಾಳಿಗೆ ಬಿಟ್ಟಿತು. 1990ಕ್ಕೆ ಅದನ್ನು ನಿಲ್ಲಿಸಿತು. ಸುಜುಕಿ ಎಂಬತ್ತರ ದಶಕದ ನಡುವೆಯೇ ಜಾಗ ಖಾಲಿ ಮಾಡಿತು. ಹೊಂಡಾ ಮತ್ತು ಕವಾಸಾಕಿ ತೊಂಬತ್ತರ ದಶಕದುದ್ದಕ್ಕೂ ಹಳೆಯ ಎಂಜಿನ್ನಿಗೆ ಹೊಸ ಸ್ಟಿಕ್ಕರ್ ಅಂಟಿಸಿ ಮಾರಿದ್ದೇ ಹೆಚ್ಚು. ಇಂಥ ರಕ್ಕಸ ಗಾಡಿಯನ್ನು ಪಳಗಿಸಬಲ್ಲ ಸವಾರರು ಕಡಿಮೆ, ಕೊಳ್ಳುವವರು ಅದಕ್ಕಿಂತ ಕಡಿಮೆ. ಅಮೆರಿಕದ 500 ಸಿಸಿ ರಾಷ್ಟ್ರೀಯ ಸರಣಿ 1993ಕ್ಕೆ ಮುಗಿಯಿತು. ಅದೇ ವರ್ಷ ಬೆಲ್ಜಿಯಂನ ಜಾಕಿ ಮಾರ್ಟೆನ್ಸ್ ಹಸ್ಕ್ವಾರ್ನಾ ಫೋರ್ ಸ್ಟ್ರೋಕ್ ಏರಿ ವಿಶ್ವ ಪಟ್ಟ ಗೆದ್ದರು. ಜೆಫ್ ಸ್ಮಿತ್ ಬಿಟ್ಟುಹೋದ ಜಾಗ ಇಪ್ಪತ್ತೆಂಟು ವರ್ಷಗಳ ನಂತರ ತುಂಬಿತು.

ಮೈಸೂರಿನಲ್ಲೂ ಆದದ್ದು ಇದೇ, ಇನ್ನೂ ಸಣ್ಣ ಕಾಸಿನಲ್ಲಿ. 1984ರಿಂದ ಜಪಾನಿನ ಕಂಪನಿಗಳು ಭಾರತೀಯ ಪಾಲುದಾರರ ಜೊತೆ ಒಂದೊಂದಾಗಿ ಬಂದವು. ಹೊಸೂರಿನಿಂದ ಟಿವಿಎಸ್ ಜೊತೆಗೂಡಿ ಸುಜುಕಿ, ಪುಣೆಯಿಂದ ಬಜಾಜ್ ಜೊತೆಗೂಡಿ ಕವಾಸಾಕಿ, ಎಸ್ಕಾರ್ಟ್ಸ್ ಮೂಲಕ 1985ರ ಕೊನೆಗೆ ಯಮಹಾ ಆರ್‌ಎಕ್ಸ್ 100. ಇವೆಲ್ಲ ಟೂ ಸ್ಟ್ರೋಕೇ. ಆದರೆ ಹಗುರ, ಚುರುಕು, 250 ಸಿಸಿ ಜಾವಾಕ್ಕಿಂತ ಬಹಳ ಕಡಿಮೆ ಪೆಟ್ರೋಲಿನಲ್ಲಿ ಓಡುವಂಥವು. ಹನ್ನೊಂದು ಅಶ್ವಶಕ್ತಿಯ ಆರ್‌ಎಕ್ಸ್ 100 ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ರೋಡ್‌ಕಿಂಗನ್ನು ಹಿಂದೆ ಹಾಕುತ್ತಿತ್ತು. ಅದರ ತೂಕ ನೂರು ಕಿಲೋ ಸುತ್ತಮುತ್ತ ಎಂಬುದೇ ಇದರ ಗುಟ್ಟು. ನಿಜವಾದ ಕೊಡಲಿಪೆಟ್ಟು ಕೊಟ್ಟದ್ದು ಮಾತ್ರ 1985ರಲ್ಲೇ ಬಂದ ಹೀರೋ ಹೊಂಡಾ ಸಿಡಿ 100. ಫೋರ್ ಸ್ಟ್ರೋಕ್, ಲೀಟರಿಗೆ 80 ಕಿಲೋಮೀಟರ್ ಎಂಬ ಜಾಹೀರಾತು. ಮಂಡ್ಯದ ಮೇಷ್ಟ್ರು, ಮದ್ದೂರಿನ ವ್ಯಾಪಾರಿ, ಮಳವಳ್ಳಿಯ ಗ್ರಾಮಸೇವಕ ಪೆಟ್ರೋಲ್ ಬಿಲ್ಲು ಕೈಯಲ್ಲಿ ಹಿಡಿದು ಲೆಕ್ಕ ಹಾಕಿದರು. ಕೂಗಾಡದ, ಹೊಗೆಯುಗುಳದ, ಆಯಿಲ್ ಬೆರೆಸುವ ಗೋಳಿಲ್ಲದ ಗಾಡಿ. ಅದರ ಮುಂದೆ ಮೋಟೊಕ್ರಾಸ್ ವಂಶಾವಳಿಗೆ ಯಾವ ಬೆಲೆ?

ಈ ಹತ್ತು ವರ್ಷ ಯಾದವಗಿರಿಯಲ್ಲಿ ಏನು ನಡೆಯಿತು ಎಂದು ಕೇಳಿದರೆ ಉತ್ತರ ಬೇಸರ ತರಿಸುತ್ತದೆ. 1978ರ ರೋಡ್‌ಕಿಂಗ್‌ಗೂ 1996ರದಕ್ಕೂ ಇದ್ದ ವ್ಯತ್ಯಾಸಗಳನ್ನು ಹುಡುಕಲು ಭೂತಗನ್ನಡಿ ಬೇಕು. ಇಗ್ನಿಷನ್ ಬದಲಾಯಿತು, ಬಣ್ಣ ಬದಲಾಯಿತು, ಸೀಟು ಬದಲಾಯಿತು. ಮಣ್ಣಿನ ಓಟದಲ್ಲಿ ಗೆದ್ದ ಎಂಜಿನಿಯರಿಂಗ್ ಬಳುವಳಿಯಾಗಿ ಸಿಕ್ಕಿದ್ದರೂ ಅದನ್ನು ಬೆಳೆಸುವ ಕೆಲಸ ಆಗಲಿಲ್ಲ. ಸಂರಕ್ಷಿತ ಮಾರುಕಟ್ಟೆ ಇದ್ದಷ್ಟು ದಿನ ಬೆಳೆಸುವ ಅಗತ್ಯ ಕಾಣಲಿಲ್ಲ. ಅಗತ್ಯ ಕಂಡಾಗ ಹಣ ಉಳಿದಿರಲಿಲ್ಲ. ಇದರ ಮೇಲೆ ಕಾರ್ಮಿಕ ವಿವಾದ. ಐಡಿಯಲ್ ಜಾವಾ ಎಂದರೆ ಕಣ್ಣು ತುಂಬಿಕೊಳ್ಳುವ ಅಭಿಮಾನಿಗಳಿಗೆ ಈ ಮಾತು ಹಿಡಿಸುವುದಿಲ್ಲ. ಆದರೂ ಹೇಳಲೇಬೇಕು: ಆ ಕಂಪನಿಯನ್ನು ಹೊಗೆಯ ಕಾನೂನು ಮುಚ್ಚಿಸುವ ಮೊದಲೇ ಅದು ಏದುಸಿರು ಬಿಡುತ್ತಿತ್ತು.

ಕಾನೂನು ಬಂದದ್ದೂ ನಿಜ. ಭಾರತದ ಪೆಟ್ರೋಲ್ ವಾಹನಗಳಿಗೆ ಮೊದಲ ಹೊಗೆ ಮಿತಿ ಹೇರಿದ್ದು 1991ರಲ್ಲಿ. ಅದು ಬಹಳ ಸಡಿಲ. 1996ರ ಮಿತಿ ಹಾಗಲ್ಲ: ದ್ವಿಚಕ್ರ ವಾಹನ ಒಂದು ಕಿಲೋಮೀಟರ್ ಓಡಿದರೆ ಇಂಗಾಲದ ಮೊನಾಕ್ಸೈಡ್ 4.5 ಗ್ರಾಂ ದಾಟಬಾರದು. ಹೈಡ್ರೊಕಾರ್ಬನ್ ಮತ್ತು ಸಾರಜನಕದ ಆಕ್ಸೈಡ್ ಸೇರಿ 3.6 ಗ್ರಾಂ ಮೀರಬಾರದು. 2000ದಲ್ಲಿ ಎರಡೂ 2 ಗ್ರಾಮಿಗೆ ಇಳಿದವು. ಹೈಡ್ರೊಕಾರ್ಬನ್ ಎಂದರೆ ಬಹುಪಾಲು ಸುಡದೆ ಹೊರಬಿದ್ದ ಪೆಟ್ರೋಲು. ಟೂ ಸ್ಟ್ರೋಕಿನ ಹುಟ್ಟು ರೋಗವೇ ಅದು. ಎಂಜಿನ್ ದೊಡ್ಡದಾದಷ್ಟೂ ಸೋರಿಕೆಯೂ ದೊಡ್ಡದು. ನೂರು ಸಿಸಿಯ ಗಾಡಿಗಳು ಕ್ಯಾಟಲಿಟಿಕ್ ಕನ್ವರ್ಟರ್ ಸಿಕ್ಕಿಸಿಕೊಂಡು ಇನ್ನಷ್ಟು ಕಾಲ ತಳ್ಳಿದವು. ಐವತ್ತರ ದಶಕದ ಬುಡವಿದ್ದ 250 ಸಿಸಿ ಎಂಜಿನ್ನಿಗೆ ಆ ದಾರಿ ಇರಲಿಲ್ಲ.

1996. ಈ ಕಥೆಯ ಎಳೆಗಳೆಲ್ಲ ಬಂದು ಸೇರುವ ವರ್ಷ. ಆ ವರ್ಷ ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿತು. ಆ ವರ್ಷವೇ ಆರ್‌ಎಕ್ಸ್ 100 ತಯಾರಿಕೆ ನಿಂತಿತು. ನ್ಯೂಜಿಲೆಂಡಿನ ಶೇನ್ ಕಿಂಗ್ 360 ಸಿಸಿ ಕೆಟಿಎಂ ಏರಿ 500 ಸಿಸಿ ವಿಶ್ವ ಮೋಟೊಕ್ರಾಸ್ ಗೆದ್ದದ್ದೂ ಅದೇ ವರ್ಷ. ಆ ವಿಭಾಗವನ್ನು ಟೂ ಸ್ಟ್ರೋಕ್ ಗೆದ್ದದ್ದು ಅದೇ ಕೊನೆ. ಫ್ರೀಡ್ರಿಕ್ಸ್ ಶುರು ಮಾಡಿದ್ದು 360 ಸಿಸಿಯಲ್ಲಿ, ಮೂವತ್ತು ವರ್ಷಕ್ಕೆ ಸರಿಯಾಗಿ ಕಿಂಗ್ ಮುಗಿಸಿದ್ದೂ 360 ಸಿಸಿಯಲ್ಲಿ. ಇದು ಬರಿಯ ಕಾಕತಾಳೀಯ. ಇದರಲ್ಲಿ ವಿಧಿಯ ಕೈವಾಡ ಹುಡುಕಬೇಕಾಗಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸುವಂಥದ್ದು. 1997ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನ ಸೂಪರ್‌ಕ್ರಾಸ್ ಪಂದ್ಯದಲ್ಲಿ ಡಗ್ ಹೆನ್ರಿ ಯಮಹಾದ 400 ಸಿಸಿ ಪ್ರಾಯೋಗಿಕ ಫೋರ್ ಸ್ಟ್ರೋಕಿನಲ್ಲಿ 250 ಸಿಸಿ ಟೂ ಸ್ಟ್ರೋಕುಗಳನ್ನೆಲ್ಲ ಹಿಂದಿಕ್ಕಿದರು. ನಿಯಮವೇ ಫೋರ್ ಸ್ಟ್ರೋಕಿಗೆ ಹೆಚ್ಚು ಸಿಸಿಯ ರಿಯಾಯಿತಿ ಕೊಟ್ಟಿತ್ತು ಎಂದು ಟೂ ಸ್ಟ್ರೋಕ್ ಪ್ರಿಯರು ಇವತ್ತಿಗೂ ಹಲ್ಲು ಕಡಿಯುತ್ತಾರೆ, ಅದರಲ್ಲಿ ಹುರುಳಿದೆ. ಆದರೆ ಕಂಪನಿಗಳು ಮನಸ್ಸು ಮಾಡಿಯಾಗಿತ್ತು. ರಸ್ತೆಯಲ್ಲಿ ಮಾರಲಾಗದ ಎಂಜಿನ್ನಿಗೆ ರೇಸಿನಲ್ಲಿ ದುಡ್ಡು ಸುರಿಯುವವರು ಯಾರು? ಹೊಂಡಾ ಸಿಆರ್ 500 ಗಾಡಿ 2001ಕ್ಕೆ, ಕವಾಸಾಕಿ ಕೆಎಕ್ಸ್ 500 ಗಾಡಿ 2004ಕ್ಕೆ ಮುಗಿದವು. ಡಾಂಬರಿನ ಗ್ರಾಂಪ್ರಿಯಲ್ಲೂ 2002ರಲ್ಲಿ 990 ಸಿಸಿ ಫೋರ್ ಸ್ಟ್ರೋಕುಗಳು ಬಂದು 500 ಸಿಸಿ ಟೂ ಸ್ಟ್ರೋಕುಗಳನ್ನು ಮೂಲೆಗೆ ತಳ್ಳಿದವು. ಸಿಝೆಡ್ ಕೂಡ ತೊಂಬತ್ತರ ದಶಕದಲ್ಲೇ ಬೈಕ್ ತಯಾರಿಕೆ ಬಿಟ್ಟಿತ್ತು. ಈಗ ದೊಡ್ಡ ಟೂ ಸ್ಟ್ರೋಕ್ ಉಳಿದಿರುವುದು ಬಂಡೆ, ತೊರೆ, ಕಾಡು ಹಾಯುವ ಕಠಿಣ ಎಂಡ್ಯೂರೊ ಪಂದ್ಯಗಳಲ್ಲಿ. ಅಲ್ಲಿ 300 ಸಿಸಿ ಗಾಡಿಗಳು ಇನ್ನೂ ಯಜಮಾನಿಕೆ ಬಿಟ್ಟುಕೊಟ್ಟಿಲ್ಲ.

ನಮ್ಮ ದೇಶದ ಮಣ್ಣಿನ ಓಟಕ್ಕೆ 500 ಸಿಸಿಯ ಈ ವೈಭವ ಬಂದದ್ದೇ ಇಲ್ಲ. ಆಮದು ಸುಂಕದ ಭಾರಕ್ಕೆ ವಿದೇಶಿ ಮೋಟೊಕ್ರಾಸ್ ಗಾಡಿ ಕೆಲವೇ ಕೈಗಳಿಗೆ ದಕ್ಕಿತು. ಉಳಿದವರು ಆರ್‌ಎಕ್ಸ್ 100, ಸುಜುಕಿ ಶೋಗನ್‌ಗಳನ್ನೇ ಎತ್ತರಿಸಿ, ಬಲಪಡಿಸಿ, ಗುಡ್ಡ ಹಾರಿಸಿದರು. ಆ ಪರಂಪರೆಯ ಬೆನ್ನಿಗೆ ಬಂದ ಕನ್ನಡ ನೆಲದ ಹುಡುಗರು ದೊಡ್ಡ ಹೆಸರು ಮಾಡಿದ್ದು ಫೋರ್ ಸ್ಟ್ರೋಕಿನಲ್ಲಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ‍್ಯಾಲಿ ಮುಗಿಸಿದರು. ಬಿಗ್ ಬಾಸ್ ಮನೆಯಲ್ಲಿ ಕಂಡು ಅವರನ್ನು ಗುರುತಿಸುವವರೇ ಹೆಚ್ಚು ಎಂಬುದು ನಮ್ಮ ಕ್ರೀಡಾಭಿಮಾನದ ಹಣೆಬರಹ. ಇಬ್ಬರೂ ಓಡಿಸಿದ್ದು 450 ಸಿಸಿಯ ಫೋರ್ ಸ್ಟ್ರೋಕ್.

ಮಂಡ್ಯದ ಹಳ್ಳಿಗಳಲ್ಲಿ ಟೂ ಸ್ಟ್ರೋಕ್ ಸದ್ದು ಪೂರ್ತಿ ಅಡಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಜಾವಾ ಬಿಟ್ಟುಹೋದ ಹೊರೆಯನ್ನು ಟಿವಿಎಸ್ ಎಕ್ಸ್‌ಎಲ್ ಹೊತ್ತಿತು. ಕಬ್ಬಿನ ಸೋಗೆ, ಹಸಿ ಹುಲ್ಲು, ಗೊಬ್ಬರದ ಮೂಟೆ ಹೊತ್ತು ಸವಾರನೇ ಕಾಣದಂತೆ ಚಲಿಸುತ್ತಿದ್ದ ಆ ಎಪ್ಪತ್ತು ಸಿಸಿಯ ಗಾಡಿಯನ್ನು ರೇಸಿನವರು ಲೆಕ್ಕಕ್ಕೇ ಇಡುವುದಿಲ್ಲ. ಟೂ ಸ್ಟ್ರೋಕಿನ ಗುಣವನ್ನೆಲ್ಲ ಕೊನೆಯ ತೊಟ್ಟಿನವರೆಗೆ ಹಿಂಡಿ ದುಡಿಸಿಕೊಂಡದ್ದು ಮಾತ್ರ ಅದನ್ನೇ. ಫೋರ್ ಸ್ಟ್ರೋಕಿನ ಎಕ್ಸ್‌ಎಲ್ 100 ಬಂದದ್ದು 2015ರಲ್ಲಿ.

ಜಾವಾ ಹೆಸರು 2018ರ ನವೆಂಬರಿನಲ್ಲಿ, ಯೆಜ್ಡಿ ಹೆಸರು 2022ರ ಜನವರಿಯಲ್ಲಿ ಮತ್ತೆ ಅಂಗಡಿಗೆ ಬಂದವು. ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ ಅವನ್ನು ಮಧ್ಯಪ್ರದೇಶದ ಪಿತಾಂಪುರದಲ್ಲಿ ತಯಾರಿಸುತ್ತದೆ. ಎಂಜಿನ್ ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್. ಚೆನ್ನಾಗಿದೆ, ಓಡುತ್ತದೆ, ಮೈಸೂರಿನ ನೆಂಟಸ್ತಿಕೆ ಹೆಸರಿನಲ್ಲಷ್ಟೇ ಉಳಿದಿದೆ. ಹಳೆಯ ಗಾಡಿ ಉಳಿಸಿಕೊಂಡವರು ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ ಎಂದು ಬೆಂಗಳೂರು, ಮೈಸೂರುಗಳಲ್ಲಿ ಸಾಲುಗಟ್ಟಿ ಹೊರಡುತ್ತಾರೆ. ಆ ಗಾಡಿಗಳು ಹುಟ್ಟಿದ ಕಾಲಕ್ಕೆ ಚನ್ನಪಟ್ಟಣ, ಮದ್ದೂರು, ಮಂಡ್ಯದ ಪೇಟೆಗಳ ಮಧ್ಯೆಯೇ ಹಾದುಹೋಗುತ್ತಿದ್ದ ಹೆದ್ದಾರಿ ಈಗ ಊರುಗಳನ್ನು ಬಳಸಿ ಹೋಗುವ ಎಕ್ಸ್‌ಪ್ರೆಸ್‌ವೇ. ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ 2023ರ ಮಾರ್ಚ್ 12ರಂದು ಅದರ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕುಗಳ ಪ್ರವೇಶ ನಿಷೇಧ. ಜಾವಾ ಮೆರವಣಿಗೆಗೂ ಸರ್ವೀಸ್ ರಸ್ತೆಯೇ ಗತಿ.

ಶ್ರೀರಂಗಪಟ್ಟಣ ತಾಲೂಕಿನಲ್ಲಿ, ಅಂದರೆ ಮಂಡ್ಯ ಜಿಲ್ಲೆಯೊಳಗೇ, ಧರ್ಮಸ್ಥಳದವರ ಹಳೆಯ ಕಾರುಗಳ 'ಪಯಣ' ವಸ್ತುಸಂಗ್ರಹಾಲಯ ತೆರೆದಿದೆ. ಯಾದವಗಿರಿಯ ಕಾರ್ಖಾನೆಗೆ, ಅಲ್ಲಿ ದುಡಿದವರಿಗೆ, ಅಲ್ಲಿಂದ ರೇಸಿಗೆ ಹೋದ ಗಾಡಿಗಳಿಗೆ ಅಂಥದ್ದೊಂದು ಜಾಗ ಆಗಬೇಕು. 1961ರಲ್ಲಿ ಇಪ್ಪತ್ತರ ವಯಸ್ಸಿಗೆ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತು ದಾಟಿದೆ. ಶೋಲವರಂಗೆ ಎಂಜಿನ್ ಸಜ್ಜು ಮಾಡಿಕೊಟ್ಟ ಮೆಕ್ಯಾನಿಕ್‌ಗಳೂ ಮುಪ್ಪಾಗಿದ್ದಾರೆ. ಯಾವ ಕಿಂಡಿಯನ್ನು ಎಷ್ಟು ಉಜ್ಜಿದರು ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ಅವರ ತಲೆಯಲ್ಲಿದೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಆರ್‌ಸಿ ಪುಸ್ತಕ, ಕಾರ್ಖಾನೆಯ ಗುರುತಿನ ಚೀಟಿ, ರೇಸಿನ ಫೋಟೊ ಏನಾದರೂ ಇದ್ದರೆ ಗುಜರಿಯವನಿಗೆ ಹಾಕಬೇಡಿ. ಆ ಹಿರಿಯರನ್ನು ಕೂರಿಸಿಕೊಂಡು ಅವರ ಮಾತನ್ನು ಮೊಬೈಲಿನಲ್ಲಾದರೂ ಈ ವರ್ಷವೇ ದಾಖಲಿಸಿಕೊಳ್ಳಿ.